ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದ ಇಎಕ್ಸ್‌ಇ ವೈನ್‌ನಲ್ಲಿ ಓಡುತ್ತೆ, ವಿಂಡೋಸ್‌ನಲ್ಲಿ ಓಡಲ್ಲ. ಕ್ರಾಸ್ ಕಂಪೈಲ್ ಬಿಟ್ಟು ವರ್ಚುವಲ್ ಮಷೀನ್‌ಗೆ ಹೋಗಲಾ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದ ಕಣ ಕಣ್ಣ ಮುಂದೆ ಬಂತು.

ನಮ್ಮ ಮನೆ ಸುಂಟಿಕೊಪ್ಪ ಕಡೆ. ಜನವರಿ, ರೋಬಸ್ಟಾ ಕುಯ್ಲು ಜೋರಾಗಿತ್ತು. ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ದಿನಾ ಬರೆದು, ಶನಿವಾರ ಕೂಲಿ ಲೆಕ್ಕ ತೆಗೆಯೋಕೆ ಸಿ++ನಲ್ಲಿ ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ನನ್ನ ಉಬುಂಟು ಲಿನಕ್ಸ್‌ನಲ್ಲೇ ಮಿಂಗ್‌ಡಬ್ಲ್ಯೂ ಅನ್ನೋ ಕಂಪೈಲರ್ ಬಳಸಿ ವಿಂಡೋಸ್‌ಗೆ ಇಎಕ್ಸ್‌ಇ ಮಾಡಿದೆ, ಹೀಗೆ ಒಂದು ಸಿಸ್ಟಮ್‌ನಲ್ಲಿ ಕೂತು ಇನ್ನೊಂದಕ್ಕೆ ಮಾಡೋದೇ ಕ್ರಾಸ್ ಕಂಪೈಲ್. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ ಓಡಿಸಿ ನೋಡಿದೆ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಚೆಟ್ಟಳ್ಳಿ ದಾರಿಯಲ್ಲಿ ಬೈಕ್‌ನಲ್ಲಿ ಹೊರಟೆ.

ಐದೂವರೆಗೆ ಕುಯ್ಲಿನವರು ಚೀಲ ಇಳಿಸಿ ಸಾಲಾಗಿ ನಿಂತಿದ್ದರು. ಮೊದಲ ಚೀಲ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿಯೂ ಆಗಿತ್ತು. ತೋಟದ ವಿಂಡೋಸ್ ಕಂಪ್ಯೂಟರ್‌ನಲ್ಲಿ ಡಬಲ್ ಕ್ಲಿಕ್ ಮಾಡಿದೆ. ಲಿಬ್‌ಎಸ್‌ಟಿಡಿಸಿ++-6.ಡಿಎಲ್‌ಎಲ್ ಸಿಗುತ್ತಿಲ್ಲ ಅಂತ ಬಂತು. ಡಿಎಲ್‌ಎಲ್ ಅಂದರೆ ಪ್ರೋಗ್ರಾಂ ಓಡುವಾಗ ಹೊರಗಿನಿಂದ ಎಳೆದುಕೊಳ್ಳುವ ಕೋಡ್ ಇರುವ ಫೈಲ್. ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಮನೆಗೆ ಹೋಗಿ ತರೋಣ ಅಂದರೆ ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಆನೆ ಕಾಟ. ತೋಟದ ಲೆಕ್ಕ ಬರೆಯುವ ರೈಟ್ರು ಏನೂ ಅನ್ನಲಿಲ್ಲ. ಹಳೇ ಪುಸ್ತಕ ತೆಗೆದು, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರೆಯೋಕೆ ಶುರು ಮಾಡಿದರು.

ತಪ್ಪು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡಿರಬಹುದು. ಇದೇ ಎರರ್ ಎರಡು ವಾರ ಮುಂಚೆ ನನ್ನ ವೈನ್‌ನಲ್ಲೂ ಬಂದಿತ್ತು. ಆಗ ನಾನು ವೈನ್‌ಪಾತ್ ಅನ್ನೋ ವೇರಿಯಬಲ್‌ಗೆ ಮಿಂಗ್‌ಡಬ್ಲ್ಯೂ ಡಿಎಲ್‌ಎಲ್‌ಗಳಿರುವ ಫೋಲ್ಡರ್ ತೋರಿಸಿ, ಆ ಸಾಲನ್ನು ಟರ್ಮಿನಲ್ ತೆರೆದಾಗಲೆಲ್ಲ ತಾನಾಗೇ ಓಡುವ ಬ್ಯಾಷ್‌ಆರ್‌ಸಿ ಫೈಲ್‌ಗೆ ಸೇರಿಸಿ ಮರೆತುಬಿಟ್ಟೆ. ಎರರ್ ಹೋಯ್ತು, ಆದರೆ ಇಎಕ್ಸ್‌ಇ ಒಂದು ಬೈಟೂ ಬದಲಾಗಿರಲಿಲ್ಲ. ಸರಿಯಾಗಿದ್ದು ನನ್ನ ಲ್ಯಾಪ್‌ಟಾಪ್ ಒಂದೇ. ಸುಮ್ನೆ ಕಂಪೈಲ್ ಮಾಡಿದರೆ ಸಿ++ ಪ್ರೋಗ್ರಾಂ ಮಿಂಗ್‌ಡಬ್ಲ್ಯೂವಿನ ಎರಡು ಮೂರು ಡಿಎಲ್‌ಎಲ್ ಕೇಳುತ್ತೆ: ಲಿಬ್‌ಎಸ್‌ಟಿಡಿಸಿ++, ಲಿಬ್‌ಜಿಸಿಸಿ, ಕೆಲವು ಸಲ ಲಿಬ್‌ವಿನ್‌ಪಿಥ್ರೆಡ್. ಇಎಕ್ಸ್‌ಇ ಒಳಗೆ ಇವುಗಳ ಹೆಸರು ಮಾತ್ರ ಇರುತ್ತೆ. ವಿಂಡೋಸ್ ಜೊತೆ ಇವು ಬರಲ್ಲ. ವಿಂಡೋಸ್ ಇಎಕ್ಸ್‌ಇ ಇರುವ ಫೋಲ್ಡರ್, ಸಿಸ್ಟಮ್ ಫೋಲ್ಡರ್, ಪಾತ್ ಅನ್ನೋ ಫೋಲ್ಡರ್ ಪಟ್ಟಿಯಲ್ಲಿರುವ ಜಾಗ ಹುಡುಕಿ ಕೈ ಚೆಲ್ಲುತ್ತೆ.

ಹಾಗಾಗಿ ಕ್ರಾಸ್ ಕಂಪೈಲ್ ಬಿಡಬೇಕಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ವರ್ಚುವಲ್ ಮಷೀನ್‌ನಲ್ಲಿ, ಅಂದರೆ ನಿಮ್ಮ ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್‌ನಲ್ಲಿ, ವಿಂಡೋಸ್ ಹಾಕಿ ಅಲ್ಲೂ ಮಿಂಗ್‌ಡಬ್ಲ್ಯೂ ತಂದು ಪಾತ್‌ಗೆ ಸೇರಿಸಿದರೆ ಆ ಡಿಎಲ್‌ಎಲ್‌ಗಳು ಅಲ್ಲೂ ಸಿಗುತ್ತವೆ. ನಿಮ್ಮಲ್ಲಿ ಓಡುತ್ತೆ, ಕ್ಲೈಂಟ್ ಹತ್ತಿರ ಮತ್ತೆ ಅದೇ ಕಥೆ. ಕಂಪೈಲ್ ಎಲ್ಲಿ ಬೇಕಾದರೂ ಮಾಡಿ. ಕಂಪೈಲರ್ ಯಾವತ್ತೂ ಹಾಕಿರದ ಒಂದು ವಿಂಡೋಸ್‌ನಲ್ಲಿ ಓಡಿಸಿ ನೋಡದೆ ಮಾತ್ರ ಯಾರಿಗೂ ಕೊಡಬೇಡಿ. ಪಕ್ಕದ ಮನೆಯವರ ಹಳೇ ಕಂಪ್ಯೂಟರ್ ಆದರೂ ಸಾಕು. ವೈನ್ ವಿಂಡೋಸ್ ಅಲ್ಲ, ಅಲ್ವಾ?

ಲಿಂಕ್ ಮಾಡುವಾಗ, ಅಂದರೆ ಕಂಪೈಲರ್ ಕೊನೆಗೆ ಎಲ್ಲ ಸೇರಿಸಿ ಇಎಕ್ಸ್‌ಇ ಮಾಡುವಾಗ, -ಸ್ಟ್ಯಾಟಿಕ್ ಕೊಡಿ. ಆ ಡಿಎಲ್‌ಎಲ್‌ಗಳ ಕೋಡ್ ಇಎಕ್ಸ್‌ಇ ಒಳಗೇ ಸೇರಿಕೊಳ್ಳುತ್ತೆ. ಫೈಲ್ ದೊಡ್ಡದಾಗುತ್ತೆ, ಆಗಲಿ. ಆ ಡಿಎಲ್‌ಎಲ್‌ಗಳನ್ನು ಇಎಕ್ಸ್‌ಇ ಪಕ್ಕದಲ್ಲೇ ಇಟ್ಟು ಕೊಟ್ಟರೂ ಓಡುತ್ತೆ, ಆದರೆ ಯಾರಾದರೂ ಇಎಕ್ಸ್‌ಇ ಒಂದನ್ನೇ ಡೆಸ್ಕ್‌ಟಾಪ್‌ಗೆ ಎಳೆದುಬಿಡುತ್ತಾರೆ. ನನಗೆ ಆ ದಾರಿ ಇಷ್ಟವಿಲ್ಲ.

ಮರುದಿನ ಬೆಳಿಗ್ಗೆ -ಸ್ಟ್ಯಾಟಿಕ್ ಹಾಕಿದ ಇಎಕ್ಸ್‌ಇ ತೆಗೆದುಕೊಂಡು ಹೋದೆ. ಓಡಿತು. ರೈಟ್ರು ನೋಡಿ, "ಈ ಸಲ ಪುಸ್ತಕದಲ್ಲೇ ಆಗಲಿ, ಮುಂದಿನ ಕುಯ್ಲಿಗೆ ನೋಡುವ" ಅಂದರು. ಆ ಇಡೀ ಕುಯ್ಲು ಹಾಗೇ ಹೋಯ್ತು. ನನಗೆ ಇವತ್ತಿಗೂ ಬೇಜಾರಿದೆ.

ಈಗಲೇ ಮಿಂಗ್‌ಡಬ್ಲ್ಯೂ ಜೊತೆ ಬರುವ ಆಬ್ಜ್‌ಡಂಪ್ ಅನ್ನೋ ಕಮಾಂಡ್‌ಗೆ -ಪಿ (ಚಿಕ್ಕ ಅಕ್ಷರದ p) ಕೊಟ್ಟು ನಿಮ್ಮ ಇಎಕ್ಸ್‌ಇ ನೋಡಿ, ಅದು ಕೇಳುವ ಡಿಎಲ್‌ಎಲ್‌ಗಳ ಹೆಸರು ಸಿಗುತ್ತೆ. ಕರ್ನಲ್32, ಎಂಎಸ್‌ವಿಸಿಆರ್‌ಟಿ ಇದ್ದರೆ ಚಿಂತೆ ಇಲ್ಲ, ಅವು ವಿಂಡೋಸ್‌ನವೇ. ಲಿಬ್ ಅಂತ ಶುರುವಾಗುವ ಹೆಸರು ಒಂದಾದರೂ ಕಂಡರೆ ಪಟ್ಟಿಯನ್ನು ಇಲ್ಲಿ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.