ಚರ್ಚ್ ಶಾಲೆಗೆ ಧಾರಾಳವಾಗಿ ಕಳಿಸಿ, ಮನೆಯಲ್ಲಿ ಕನ್ನಡ ಯಾಕೆ ನಿಲ್ಲಿಸಿದಿರಿ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನು ಪಕ್ಕಕ್ಕಿಟ್ಟೆ. ಬರೆದವರು ಹಾಸನದ ಕಡೆಯ ಒಬ್ಬ ತಾಯಿ. ಈಗ ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ ಊರಿನಲ್ಲಿ. ಹೆಸರು ಹಾಕಬೇಡಿ ಅಂದಿದ್ದಾರೆ.

ವಿಷಯ ಇಷ್ಟು. ಮಗನಿಗೆ ಮೇ ತಿಂಗಳಲ್ಲಿ 3 ವರ್ಷ ತುಂಬಿತು. ಮನೆ ಹತ್ತಿರದ ಮೆಥಡಿಸ್ಟ್ ಚರ್ಚ್ (ಪ್ರಾಟೆಸ್ಟಂಟರ ಒಂದು ಪಂಗಡ) ನಡೆಸುವ ಪ್ರೀಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ವಾರಕ್ಕೆ 3 ದಿನ, ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ. ಸೆಪ್ಟೆಂಬರ್‌ನಲ್ಲಿ ಲೇಬರ್ ಡೇ ರಜೆ ಮುಗಿದ ಕೂಡಲೇ ಶುರು. ಡೈಪರ್ ಬಿಟ್ಟಿರಬೇಕು ಅನ್ನುವುದು ಶಾಲೆಯ ಷರತ್ತು. ಅತ್ತೆ ವಿಡಿಯೋ ಕಾಲ್‌ನಲ್ಲಿ ಅಳುತ್ತಾರೆ, ‘ಮೊಮ್ಮಗ ಶಿಲುಬೆ ಗುರುತು ಹಾಕ್ಕೊಂಡು ಊಟಕ್ಕೆ ಕೂರೋ ಹಾಗಾಯ್ತಲ್ಲ’ ಅಂತ. ಗಂಡ ‘ಬಿಲ್ಡಿಂಗ್ ಅಷ್ಟೇ ಚರ್ಚಿನದು, ತಲೆ ಕೆಡಿಸ್ಕೋಬೇಡ’ ಅಂತ ಲ್ಯಾಪ್‌ಟಾಪ್ ತೆರೆಯುತ್ತಾರೆ. ಕಳಿಸಲೋ ಬೇಡವೋ, ಅತ್ತೆಗೆ ಏನು ಹೇಳಲಿ, ಮಗುವನ್ನು ಹೇಗೆ ಸಿದ್ಧ ಮಾಡಲಿ ಎಂಬುದು ಅವರ ಪ್ರಶ್ನೆ.

ಪತ್ರದ ಮುಕ್ಕಾಲು ಪಾಲು ಅತ್ತೆ ಮತ್ತು ಚರ್ಚಿನ ಬಗ್ಗೆಯೇ ಇದೆ. ಆದರೆ ಕೊನೆಗೆ, ಹೆಸರು ಬರೆಯುವ ಮುಂಚೆ, ನೀವು ಇನ್ನೊಂದು ಮಾತು ಹೇಳಿದ್ದೀರಿ. “ಅಂದಹಾಗೆ, ಶಾಲೆಗೆ ರೆಡಿ ಆಗಲಿ ಅಂತ ಜೂನ್‌ನಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡ್ತಿದ್ದೀವಿ. ಇಲ್ಲಿ ಫ್ರೆಂಡ್ ಒಬ್ಬರು ಹಾಗೆ ಮಾಡಿ ಅಂದ್ರು. ಈಗ ಸ್ವಲ್ಪ ಸೈಲೆಂಟ್ ಆಗಿದ್ದಾನೆ. ಏಪ್ರಿಲ್‌ನಲ್ಲೇ ಡೈಪರ್ ಬಿಟ್ಟಿದ್ದ, ಈಗ ಮತ್ತೆ ಚಡ್ಡಿಯಲ್ಲೇ ಮಾಡ್ಕೊಳ್ತಿದ್ದಾನೆ.”

ಅಮ್ಮಾ, ನಿಮ್ಮ ಪತ್ರದ ವಿಷಯವೇ ಇದು. ನೀವು ಇದನ್ನು ಅಂದಹಾಗೆ ಅಂತ ಬರೆದಿದ್ದೀರಿ.

ಏಪ್ರಿಲ್‌ನಲ್ಲಿ ಆ ಮಗುವಿನ ಹತ್ತಿರ ಮಾತಿತ್ತು. ‘ಅಮ್ಮ, ಸುಸು’ ಅಂದರೆ ನೀವು ಕೈಲಿದ್ದದ್ದನ್ನು ಬಿಟ್ಟು ಓಡಿ ಬರುತ್ತಿದ್ದಿರಿ. ಹೇಳಿದರೆ ಕೆಲಸ ಆಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಜೂನ್‌ನಲ್ಲಿ ಅದೇ ಮಾತಿಗೆ ನೀವು ಏನು ಮಾಡಿದಿರಿ ಅಂತ ನೀವೇ ಬರೆದಿದ್ದೀರಿ: “ಇಂಗ್ಲಿಷ್‌ನಲ್ಲಿ ಪೂರ್ತಿ ವಾಕ್ಯ ಹೇಳೋವರೆಗೂ ಕಾಯ್ತೀವಿ.” ಮೂರು ವರ್ಷದ ಮಗು, ಹೊಟ್ಟೆ ತುಂಬಿದ ನೀರು, ಬಾಯಿಗೆ ಬಾರದ ಐದು ಪದದ ವಾಕ್ಯ. ಅವನು ಕಾಯುವುದಾದರೂ ಹೇಗೆ? ಚಡ್ಡಿ ಒದ್ದೆಯಾದ ಮೇಲೆ ನೀವು ಮುಖ ಗಂಟಿಕ್ಕುತ್ತೀರಿ. ನಾಲ್ಕು ಸಲ ಹೀಗಾದರೆ ಮಗು ಕೇಳುವುದನ್ನೇ ಬಿಡುತ್ತದೆ. ಆಮೇಲೆ ಬೇರೆಯದನ್ನು ಹೇಳುವುದನ್ನೂ ಬಿಡುತ್ತದೆ.

ಸಲಹೆ ಕೊಟ್ಟ ಆ ಫ್ರೆಂಡ್ ಮೇಲೆ ನನಗೆ ನಿಜವಾಗಲೂ ಸಿಟ್ಟು ಬಂದಿದೆ. ‘ಎರಡು ಭಾಷೆ ಆದ್ರೆ ಮಗು ಕನ್‌ಫ್ಯೂಸ್ ಆಗುತ್ತೆ’ ಅಂತ ಎಲ್ಲೋ ಕೇಳಿದ್ದನ್ನು ಇನ್ನೊಬ್ಬರ ಮನೆಗೆ ದಾಟಿಸುವವರು ಎಲ್ಲ ಊರಲ್ಲೂ ಇದ್ದಾರೆ. ಇದು ಸುಳ್ಳು. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲ್ಲಿನ ಮಾತು ಮತ್ತು ಶ್ರವಣ ತಜ್ಞರ ಸಂಘ, ಎರಡೂ ಎರಡು ಭಾಷೆಯಿಂದ ಮಗುವಿನ ಮಾತು ತಡವಾಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳುತ್ತವೆ. ಮನೆಮಾತು ಗಟ್ಟಿಯಾಗಿದ್ದಷ್ಟೂ ಎರಡನೆಯದು ಸಲೀಸಾಗಿ ಬರುತ್ತದೆ. ಕ್ಯಾರಿಯಲ್ಲಿ ಬೆಳೆಯುವ ಮಗುವಿಗೆ ಇಂಗ್ಲಿಷ್ ಬಾರದೇ ಹೋಗುತ್ತದಾ? ಪಾರ್ಕಿನಲ್ಲಿ, ಅಂಗಡಿಯಲ್ಲಿ, ಟಿವಿಯಲ್ಲಿ ಇರುವುದೇ ಅದು. ಅವನಿಗೆ ಬೇರೆ ಎಲ್ಲೂ ಸಿಗದಿರುವುದು ಕನ್ನಡ. ಅದನ್ನು ದಿನವೂ ಕೊಡಬಲ್ಲವರು ನೀವಿಬ್ಬರೇ.

ಈಗ ನಿಮ್ಮ ಅತ್ತೆಯ ವಿಷಯ. ನೀವು ಅವರನ್ನು ಹಳೇ ಕಾಲದವರು, ಅರ್ಥ ಮಾಡ್ಕೊಳ್ಳಲ್ಲ ಅಂತ ಬರೆದಿದ್ದೀರಿ. ನನ್ನ ಮನಸ್ಸು ಅವರ ಕಡೆಗೇ ಜಾಸ್ತಿ ಹೋಗುತ್ತದೆ. ಮೊದಲು ಮೊಮ್ಮಗ ಫೋನಿನಲ್ಲಿ ಅರ್ಧ ಗಂಟೆ ಹರಟುತ್ತಿದ್ದ. ಈಗ ‘ಹಾಯ್ ಅಜ್ಜಿ’ ಅಂದು ಓಡಿಹೋಗುತ್ತಾನೆ ಅಂತ ನೀವೇ ಹೇಳುತ್ತೀರಿ. ಅವರಿಗೆ ಮೊಮ್ಮಗ ಕೈತಪ್ಪುತ್ತಿದ್ದಾನೆ ಅನ್ನಿಸುತ್ತಿದೆ. ಅದು ನಿಜವೇ. ಆದರೆ ಅವರು ಕಾರಣವನ್ನು ಚರ್ಚಿನಲ್ಲಿ ಹುಡುಕುತ್ತಿದ್ದಾರೆ, ಶಾಲೆ ಇನ್ನೂ ಬಾಗಿಲೇ ತೆರೆದಿಲ್ಲ. ಮಗುವಿನ ಬಾಯಿಂದ ಅಜ್ಜಿಯ ಭಾಷೆಯನ್ನು ಕಿತ್ತುಕೊಂಡದ್ದು ನಿಮ್ಮ ಮನೆಯಲ್ಲಿ.

ಚರ್ಚಿನ ಬಗ್ಗೆ ನಿಮ್ಮ ಗಂಡ ಹೇಳುವುದೂ ಸರಿಯಲ್ಲ. ಬಿಲ್ಡಿಂಗ್ ಮಾತ್ರ ಅಲ್ಲ. ಅಂಥ ಶಾಲೆಗಳಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಚಾಪೆಲ್, ಅಂದರೆ ಮಕ್ಕಳ ಪುಟ್ಟ ಪ್ರಾರ್ಥನಾ ಸಭೆ, ಇರುತ್ತದೆ. ಪಾದ್ರಿಯೋ ಟೀಚರೋ ಬೈಬಲ್ಲಿನ ಒಂದು ಕಥೆ ಹೇಳುತ್ತಾರೆ. ನೋಹನ ಹಡಗು, ಅದರೊಳಗಿನ ಪ್ರಾಣಿಗಳು, ಹೀಗೆ. ತಿಂಡಿಗೆ ಮುಂಚೆ ಕೈ ಜೋಡಿಸಿ ದೇವರಿಗೆ ಥ್ಯಾಂಕ್ಸ್ ಹೇಳುವ ಎರಡು ಸಾಲು. ಡಿಸೆಂಬರ್‌ನಲ್ಲಿ ಯೇಸು ಹುಟ್ಟಿದ ಕಥೆಯ ಪುಟ್ಟ ನಾಟಕ, ನಿಮ್ಮವನು ಕುರಿಮರಿ ಟೋಪಿ ಹಾಕಿಕೊಂಡು ನಿಲ್ಲಬಹುದು. ಶಿಲುಬೆ ಗುರುತು ಹಾಕುವುದು ಮುಖ್ಯವಾಗಿ ಕ್ಯಾಥೊಲಿಕರ ರೂಢಿ, ಮೆಥಡಿಸ್ಟರಲ್ಲಿ ಕಡಿಮೆ. ಶಾಲೆಗೆ ಹೋದ ಮಾತ್ರಕ್ಕೆ ಯಾರೂ ದೀಕ್ಷಾಸ್ನಾನ ಮಾಡಿಸುವುದಿಲ್ಲ. ಇದನ್ನೆಲ್ಲ ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿ. ಮುಚ್ಚಿಟ್ಟು ಆಮೇಲೆ ಫೋಟೋದಲ್ಲಿ ಗೊತ್ತಾದರೆ ಅವರ ಸಂಕಟ ಇನ್ನೂ ಹೆಚ್ಚುತ್ತದೆ.

ನಿಮ್ಮ ಗಂಡ 7ನೇ ಕ್ಲಾಸಿನವರೆಗೆ ಓದಿದ್ದು ಕಾನ್ವೆಂಟ್‌ನಲ್ಲಿ. ಕಳಿಸಿದವರು ಇದೇ ಅತ್ತೆ. ಅವತ್ತು ಅವರಿಗೆ ಭಯ ಇರಲಿಲ್ಲ, ಯಾಕೆ ಗೊತ್ತಾ? ಸಿಸ್ಟರ್ ಹೇಳಿಕೊಟ್ಟ ಪ್ರಾರ್ಥನೆ ಹೇಳಿ ಹುಡುಗ ಸಂಜೆ ವಾಪಸು ಬರುತ್ತಿದ್ದದ್ದು ಕನ್ನಡ ತುಂಬಿದ ಬೀದಿಗೆ. ಮನೆಯಲ್ಲಿ ದೀಪ ಹಚ್ಚುತ್ತಿದ್ದರು, ಪಕ್ಕದ ಮನೆಯವರು ಕರೆದು ಕೋಸಂಬರಿ ಕೊಡುತ್ತಿದ್ದರು. ಕ್ಯಾರಿಯಲ್ಲಿ ದೊಡ್ಡ ವೆಂಕಟೇಶ್ವರ ದೇವಸ್ಥಾನ ಇದೆ, ಸರಿ. ಆದರೆ ದಿನವೂ ಕೈಗೆ ಸಿಗುವುದು ಮನೆ ಮಾತ್ರ. ಆ ಮನೆಯೂ ಶಾಲೆಯ ಹಾಗೇ ಆಗಿಬಿಟ್ಟರೆ ಅತ್ತೆ ಹೆದರುವುದರಲ್ಲಿ ತಪ್ಪೇನಿದೆ?

ಅವರಿಗೆ ಇನ್ನೊಂದು ಮಾತನ್ನೂ ಹೇಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಾಗ ಕುಳಿತು ನಮ್ಮ ಭಾಷೆ ಕಲಿತರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದವರು ಆಮೇಲೆ ಬಂದ ಅದೇ ಮಿಶನ್ನಿನ ಮೋಗ್ಲಿಂಗ್. ಅದೇ ಮಿಶನ್ನಿನ ಇನ್ನೊಬ್ಬ ಪಾದ್ರಿ ಕಿಟ್ಟೆಲ್ ವರ್ಷಗಟ್ಟಲೆ ದುಡಿದು ಮಾಡಿದ ಕನ್ನಡ ನಿಘಂಟು 1894ರಲ್ಲಿ ಬಂತು. ಧರ್ಮ ಸಾರಲು ಬಂದವರಿಗೂ ಜನರ ಮಾತನ್ನು ಬಿಟ್ಟು ಕೆಲಸ ಆಗಲಿಲ್ಲ. ಈಗ ಚರ್ಚಿನ ಶಾಲೆಗೋಸ್ಕರ ನೀವೇ ಕನ್ನಡ ಬಿಡುವುದು ಬೇಡ. ಆ ಶಾಲೆಯಲ್ಲೂ ಯಾರೂ ಅದನ್ನು ಕೇಳಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಇವತ್ತು ರಾತ್ರಿ ಊಟದಿಂದಲೇ ಮನೆಯಲ್ಲಿ ಕನ್ನಡ. ಮಗುವಿಗೆ ವಿವರಣೆ ಬೇಡ, ‘ಇನ್ಮೇಲೆ ನೋಡು’ ಅನ್ನುವ ಭಾಷಣ ಬೇಡ. ಸುಮ್ನೆ ತುತ್ತು ಕಲಸುತ್ತಾ ಮಾತಾಡಲು ಶುರು ಮಾಡಿ. ಅವನು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರೆ ತಿದ್ದಬೇಡಿ. ಗಂಡನೂ ಲ್ಯಾಪ್‌ಟಾಪ್ ಮುಚ್ಚಿ ಕೂರಲಿ. ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು: ಮಗುವಿನ ಎದುರು ಮಗುವಿನ ಬಗ್ಗೆ ಚರ್ಚೆ ಮಾಡಬಾರದು. ‘ಇವನು ಮಾತೇ ಆಡ್ತಿಲ್ಲ’ ಅಂತ ಅವನು ಪಕ್ಕದಲ್ಲಿರುವಾಗ ಫೋನಿನಲ್ಲಿ ಹೇಳುವುದನ್ನೂ ಇವತ್ತೇ ನಿಲ್ಲಿಸಿ.

ಶಾಲೆಯ ತಯಾರಿ ಇದಾದ ಮೇಲೆ ಸುಲಭ. ಟೀಚರ್‌ಗೆ ಒಂದು ಹಾಳೆ ಬರೆದು ಕೊಡಿ, ನಮ್ಮ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ. ಸುಸು, ಕಕ್ಕ, ನೀರು, ಹಸಿವು, ನೋವು, ಸಾಕು. ನಮ್ಮ ಶಾಲೆಗಳಲ್ಲಿ ಮಕ್ಕಳು ಕಿರುಬೆರಳು ಎತ್ತಿ ತೋರಿಸುತ್ತಾರಲ್ಲ, ಅದನ್ನು ಅವನಿಗೂ ಕಲಿಸಿ, ಟೀಚರ್‌ಗೂ ತೋರಿಸಿ. ಮಾತು ಬಾಯಿಗೆ ಬರದ ದಿನ ಬೆರಳು ಸಾಕಾಗುತ್ತದೆ. ಗುಂಡಿ, ಜಿಪ್ಪು ಇರುವ ಪ್ಯಾಂಟ್ ಬೇಡ. ಎಲಾಸ್ಟಿಕ್ ಇರಲಿ, ಎಳೆದು ಹಾಕಿಕೊಳ್ಳುವುದನ್ನು ಅವನೇ ಮಾಡಲಿ. ಊಟದ ಡಬ್ಬಿಯ ಮುಚ್ಚಳ ಅವನ ಕೈಯಲ್ಲಿ ತೆಗೆಯಲು ಬರುತ್ತದಾ ಅಂತ ಮನೆಯಲ್ಲೇ ನೋಡಿ. ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಅಲರ್ಜಿ ಭಯಕ್ಕೆ ಶೇಂಗಾ ಬಿಡುವುದಿಲ್ಲ, ಚಟ್ನಿಪುಡಿ ಸವರಿದ ಚಪಾತಿ ಕಳಿಸುವ ಮುಂಚೆ ಕೇಳಿ. ಮಾಂಸ ತಿನ್ನದ ಮನೆ ನಿಮ್ಮದಾದರೆ ಜೆಲಾಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವುದು) ಇರುವ ಅಂಟು ಮಿಠಾಯಿ ವಿಷಯವನ್ನೂ ಬರೆದು ಕೊಡಿ. ಬಿಟ್ಟು ಬರುವಾಗ ಕಣ್ಣು ತಪ್ಪಿಸಿ ಓಡಿ ಬರಬೇಡಿ. ‘ಊಟ ಆದ್ಮೇಲೆ ಅಮ್ಮ ಬರ್ತಾಳೆ’ ಅಂತ ಹೇಳಿ, ಅತ್ತರೂ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. ಮೊದಲ ಕೆಲವು ವಾರ ಅವನು ಕ್ಲಾಸಿನಲ್ಲಿ ಬಾಯಿ ಬಿಡದೇ ಇರಬಹುದು. ಹೊಸ ಭಾಷೆಗೆ ಬಿದ್ದ ಮಕ್ಕಳು ಮೊದಲು ಕೇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡದಲ್ಲಿ ಹರಟುತ್ತಿದ್ದರೆ ಅದಕ್ಕೆ ಹೆದರಬೇಕಿಲ್ಲ.

ಒಂದು ವಿಷಯವನ್ನು ಮಾತ್ರ ಶಾಲೆಯವರ ಹತ್ತಿರ ಬಾಯಿ ಬಿಟ್ಟು ಕೇಳಿ. ನಾರ್ತ್ ಕ್ಯಾರೊಲೈನಾದಲ್ಲಿ ದಿನಕ್ಕೆ 4 ಗಂಟೆ ಮೀರದ ಪ್ರೀಸ್ಕೂಲಿಗೆ ರಾಜ್ಯದ ಚೈಲ್ಡ್‌ಕೇರ್ ಲೈಸೆನ್ಸ್ ಕಡ್ಡಾಯವಲ್ಲ. ನಿಮ್ಮದು 9ರಿಂದ 1. ಸರಿಯಾಗಿ 4 ಗಂಟೆ, ಅಂದರೆ ಲೈಸೆನ್ಸ್ ಇಲ್ಲದೆಯೂ ಇರಬಹುದು. ಟೀಚರ್‌ಗಳ ಹಿನ್ನೆಲೆ ತಪಾಸಣೆ ಆಗಿದೆಯಾ, ಪ್ರಥಮ ಚಿಕಿತ್ಸೆ ಗೊತ್ತಾ, ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ, ಟಾಯ್ಲೆಟ್ಟಿಗೆ ಯಾರು ಕರೆದುಕೊಂಡು ಹೋಗುತ್ತಾರೆ? ಒಳ್ಳೆಯ ಶಾಲೆಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅತ್ತೆಗೂ ಒಂದು ಕೆಲಸ ಕೊಡಿ. ನಿಮ್ಮಲ್ಲಿ ಬೆಳಿಗ್ಗೆ 8 ಆದಾಗ ಹಾಸನದಲ್ಲಿ ಬೇಸಿಗೆಯಲ್ಲಿ ಸಂಜೆ 5:30, ಚಳಿಗಾಲದಲ್ಲಿ 6:30. ಆ ಹೊತ್ತಿಗೆ ಅವನು ದೋಸೆ ತಿನ್ನುವಾಗ ಅಜ್ಜಿ ದಿನಕ್ಕೊಂದು ಕಥೆ ಹೇಳಲಿ. ನೀವು ಮಧ್ಯೆ ಬಾಯಿ ಹಾಕಬೇಡಿ.

ಇನ್ನೊಂದನ್ನು ಮುಂದಕ್ಕೆ ಹಾಕಬೇಡಿ. ಮಾತು ಕಡಿಮೆಯಾಗಿರುವುದನ್ನೂ ಮತ್ತೆ ಚಡ್ಡಿ ಒದ್ದೆಯಾಗುತ್ತಿರುವುದನ್ನೂ ಈ ವಾರವೇ ಮಕ್ಕಳ ಡಾಕ್ಟರ್‌ಗೆ ಹೇಳಿ. ಭಾಷೆ ಬದಲಾಯಿಸಿದ್ದೇ ಕಾರಣ ಅಂತ ನನಗೆ ಅನ್ನಿಸಿದರೂ, ಮೂತ್ರದ ಸೋಂಕು, ಮಲಬದ್ಧತೆಯಿಂದಲೂ ಹೀಗಾಗುತ್ತದೆ. ಕಿವಿಯನ್ನೂ ಪರೀಕ್ಷಿಸಲಿ. ಡಾಕ್ಟರ್‌ಗೆ ಮಾತಿನ ಬಗ್ಗೆ ಅನುಮಾನ ಬಂದರೆ, 3 ತುಂಬಿದ ಮಕ್ಕಳಿಗೆ ಅಲ್ಲಿನ ಸರ್ಕಾರಿ ಶಾಲಾ ವ್ಯವಸ್ಥೆಯಲ್ಲಿ ಉಚಿತ ಪರೀಕ್ಷೆ ಇದೆ. ಆಗ ‘ಇವನ ಮನೆಮಾತು ಕನ್ನಡ’ ಅಂತ ಮೊದಲೇ ಹೇಳಿ, ಬರೀ ಇಂಗ್ಲಿಷ್ ಪದ ಎಣಿಸಿ ತೀರ್ಮಾನಿಸಲು ಬಿಡಬೇಡಿ.