ಜೋಡಿಸಿದ ಮೇಲೆ ಅಳೆದವರು ಯಾರು?

ನವನಗರದಿಂದ ಬರೆದ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಐಟಿಐ ಮುಗಿಸಿ, ಫೈಬರ್ (ಬೆಳಕಿನ ಮೂಲಕ ಇಂಟರ್‌ನೆಟ್ ಒಯ್ಯುವ ಗಾಜಿನ ಎಳೆ) ಜೋಡಣೆ ಕಲಿತು, ಒಂಬತ್ತು ವರ್ಷದಿಂದ ಕೇಬಲ್ ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದೀರಿ. ಮೊನ್ನೆ ಮೊನ್ನೆ ಏಣಿ ಹಿಡಿದ ಹುಡುಗರು ಈಗ ಅರ್ಧ ರೇಟಿಗೆ ಕನೆಕ್ಷನ್ ಕೊಡುತ್ತಿದ್ದಾರೆ, ಅವರು ಕೆಡಿಸಿದ್ದನ್ನು ರಿಪೇರಿ ಮಾಡಲಿಕ್ಕಷ್ಟೇ ನಿಮಗೆ ಕರೆ ಬರುತ್ತದೆ. 'ನಾ ಕಲ್ತದ್ದು ದಂಡ ಆತೇನ್ರಿ?' ಎಂದು ಕೇಳಿದ್ದೀರಿ. ಸರ್ಟಿಫಿಕೇಟ್ ಇಲ್ಲದವರನ್ನು ಈ ಕೆಲಸದಿಂದ ಹೊರಗಿಡಬೇಕು ಎಂಬುದು ನಿಮ್ಮ ಬೇಡಿಕೆ.

ನಿಮ್ಮ ಸಂಕಟ ನಿಜ. ಬೇಡಿಕೆಯನ್ನು ಮಾತ್ರ ಪೂರ್ತಿ ಒಪ್ಪಲಾರೆ.

ಹೋದ ಮಳೆಗಾಲದಲ್ಲಿ ವಿದ್ಯಾಗಿರಿಯ ನಮ್ಮ ಕಚೇರಿಯ ಇಂಟರ್‌ನೆಟ್ ಒಂದೇ ವಾರದಲ್ಲಿ ಮೂರು ಸಲ ನಿಂತಿತು. ಬಂದ ಹುಡುಗ ಪ್ರತಿ ಸಲ ರೂಟರ್ ಬದಲಿಸಿ 'ಬಂತ್ರಿ' ಎಂದು ಹೋಗುತ್ತಿದ್ದ. ನಾಲ್ಕನೆಯ ಸಲ ಹಿರಿಯರೊಬ್ಬರು ಬಂದರು. ರೂಟರ್ ಮುಟ್ಟಲೇ ಇಲ್ಲ. ಎಳೆಯಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುವ ಪವರ್ ಮೀಟರ್ ಹಚ್ಚಿದರು: ಮೈನಸ್ 29. ಬೆಳಕನ್ನು ಹಿಡಿದು ಇಂಟರ್‌ನೆಟ್ ಕೊಡುವ, ಮನೆಯಲ್ಲಿಡುವ ಡಬ್ಬಿಗೆ ಮೈನಸ್ 27 ಡಿಬಿಎಂಗಿಂತ ಕೆಳಗಿಳಿದ ಬೆಳಕು ಸಾಮಾನ್ಯವಾಗಿ ಸಾಲದು. ಕಂಬದ ಬಳಿ ಜಾಯಿಂಟ್ ಬಾಕ್ಸ್ ಬಿಚ್ಚಿದರೆ ಒಳಗೆ ನೀರು. ರಬ್ಬರ್ ಸೀಲ್ ಇರಬೇಕಾದ ಕಡೆ ಇನ್ಸುಲೇಷನ್ ಟೇಪ್. ಫೈಬರ್ ಎಳೆಯನ್ನು ಬೆರಳಿನ ಉಂಗುರದಷ್ಟು ಬಿಗಿಯಾಗಿ ಸುತ್ತಿ ತುರುಕಿದ್ದರು.

ಅವರು ಗಾಡಿಯ ಹಿಂದೆ ಬಿಳಿ ಬಟ್ಟೆ ಹಾಸಿ ಕೂತರು. ಕವಚ ಸುಲಿದರು. ಆಲ್ಕೋಹಾಲ್ ಹಚ್ಚಿದ ಒರೆಸುಬಟ್ಟೆಯಲ್ಲಿ ಎಳೆ ಹಿಡಿದು, ಕಿರ್ರೆಂದು ಸದ್ದು ಬರುವವರೆಗೂ ಒರೆಸಿದರು. ಕತ್ತರಿಸಿದ ಗಾಜಿನ ಚೂರನ್ನು ಬೆರಳ ತುದಿಯಲ್ಲಿ ಎತ್ತಿ ಪುಟ್ಟ ಡಬ್ಬಿಗೆ ಹಾಕಿದರು; ಮಕ್ಕಳು ಬರಿಗಾಲಲ್ಲಿ ಓಡಾಡುವ ಓಣಿ ಅದು. ಎಳೆಯ ದಪ್ಪ 125 ಮೈಕ್ರಾನ್, ಅದರೊಳಗೆ ಬೆಳಕು ಹರಿಯುವ ತಿರುಳು ಬರೀ 9 ಮೈಕ್ರಾನ್. ಅಂಥ ಎರಡು ತಿರುಳು ಮುಖಾಮುಖಿ ಕೂಡಬೇಕು. ಎಳೆಗಳನ್ನು ಕರಗಿಸಿ ಬೆಸೆಯುವ ಯಂತ್ರ, ಜೋಡಣೆಯಲ್ಲಿ ಬೆಳಕಿನ ನಷ್ಟ ಬರೀ 0.02 ಡೆಸಿಬಲ್ ಎಂದು ತೋರಿಸಿತು. 'ಅದು ಅಂದಾಜ್ ಲೆಕ್ಕರಿ' ಎಂದವರೇ ಮತ್ತೆ ಮೀಟರ್ ಹಚ್ಚಿದರು. ಮೈನಸ್ 20. ಚಹಾ ಕುಡಿದದ್ದು ಆಮೇಲೆ.

ಅವರ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ತಾಮ್ರದ ಟೆಲಿಫೋನ್ ತಂತಿಯ ಕಾಲದಿಂದ ಕೈಯಲ್ಲೇ ಕಲಿತವರು. ನೀವು ಕೇಳುವ ನಿಯಮ ಬಂದರೆ ಮೊದಲು ಮನೆಗೆ ಹೋಗುವವರು ಅವರು. ಅನುಭವಸ್ಥರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ, ಅಂಥವರಿಗೆ ಅದನ್ನು ಕೊಡಿಸಬೇಕು.

ಕೇಬಲ್ ಎಳೆಯಲು ವಿದ್ಯುತ್ ಕಂಬ ಹತ್ತುವ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಅಲ್ಲಿ ಸಡಿಲಿಕೆ ಕೂಡದು. ಕೇಬಲಿನ ಭಾರ ಹೊರುವ ಉಕ್ಕಿನ ತಂತಿ ಮೇಲಿನ 230 ವೋಲ್ಟ್ ತಂತಿಗೆ ತಾಗಿದರೆ ಉದ್ದಕ್ಕೂ ಕರೆಂಟ್ ಹರಿಯುತ್ತದೆ. ತರಬೇತಿ ಇಲ್ಲದ, ಸೊಂಟಕ್ಕೆ ಬೆಲ್ಟೂ ಇಲ್ಲದ ಹುಡುಗನನ್ನು ಮಳೆಯಲ್ಲಿ ಹತ್ತಿಸುವುದು ಕೊಲೆಗೆ ಸಮ.

ಆ ಹುಡುಗರ ಮೇಲೆ ನಿಮಗೆ ಸಿಟ್ಟಿದೆ. ಅವರ ಕೈಗೆ ಮೀಟರ್ ಕೊಟ್ಟವರು ಯಾರು? ನಮ್ಮ ಎರೆಮಣ್ಣು ಬೇಸಿಗೆಗೆ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಅದಕ್ಕೇ ನೆಲದಲ್ಲಿ ಹುಗಿಯುವಾಗ ಕೇಬಲ್ ಬಿಗಿಯಾಗಿ ಎಳೆಯದೆ ಒಂದಿಷ್ಟು ಸುತ್ತು ಬಿಡು ಎಂದು ಹೇಳಿದವರು ಯಾರು? ಕನೆಕ್ಷನ್ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಅವಸರಕ್ಕೇ ಕೂಲಿ ಕೊಟ್ಟಂತೆ. ಅದೇ ಕಂಬಕ್ಕೆ ನಿಮ್ಮನ್ನು ಮೂರು ಸಲ ಕಳಿಸಿದ ಖರ್ಚನ್ನು ಗುತ್ತಿಗೆದಾರ ಆ ಅರ್ಧ ರೇಟಿಗೆ ಕೂಡಿಸಿ ನೋಡಲಿ, ಉಳಿತಾಯ ಎಷ್ಟೆಂದು ಗೊತ್ತಾಗುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟು: ಕೆಲಸ ಯಾರೇ ಮಾಡಲಿ, ರೀಡಿಂಗ್ ಬರೆದುಕೊಟ್ಟ ಮೇಲೆಯೇ ಬಿಲ್ ಪಾಸಾಗಲಿ. ಅಳತೆ ಬರೆಯಬೇಕಾಗಿ ಬಂದ ದಿನ ನಿಮ್ಮ ಕೈಗೂ ಅವರ ಕೈಗೂ ಇರುವ ಅಂತರ ಗುತ್ತಿಗೆದಾರನ ಕಣ್ಣಿಗೆ ಬೀಳುತ್ತದೆ. ರೇಟು ಕೇಳಲು ನಿಮಗೊಂದು ಕಾಗದ ಸಿಗುತ್ತದೆ.

ಕಂಬದ ನಂಬರ್, ಎಳೆಯ ಬಣ್ಣ, ಜೋಡಿಸುವ ಮೊದಲಿನ ರೀಡಿಂಗ್, ನಂತರದ ರೀಡಿಂಗ್, ಸಹಿ: ಇಷ್ಟು ಕಾಲಂ ಇರುವ ಒಂದು ಹಾಳೆಯನ್ನು ನೀವೇ ಗೆರೆ ಹಾಕಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕತ್ತರಿಸಿ ಇಟ್ಟುಕೊಳ್ಳುವಂತೆ ಪೂರ್ತಿ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ