ಪಿಐ-ಪಿಎಲ್‌ಸಿ ಹಾಕಿದರೂ ಪ್ರೋಟೀನ್ ಕಳಚಲಿಲ್ಲ ಅಂದರೆ ಅದು ಜಿಪಿಐ ಪ್ರೋಟೀನ್ ಅಲ್ಲವೇ?

ನೀವು ಕೇಳಿದ್ದು ಇಷ್ಟು: ಕೋಶಗಳಿಗೆ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಪಿಐ-ಪಿಎಲ್‌ಸಿ (ಜಿಪಿಐ ಆಂಕರ್ ಕತ್ತರಿಸುವ ಕಿಣ್ವ) ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಿರಿ, ಪ್ರೋಟೀನ್ ಮಾತ್ರ ಅಲ್ಲೇ ಕೂತಿದೆ. ಹಾಗಾದರೆ ಅದಕ್ಕೆ ಜಿಪಿಐ ಆಂಕರ್ (ಪ್ರೋಟೀನನ್ನು ಕೋಶದ ಪೊರೆಗೆ ಕಟ್ಟಿಡುವ ಸಕ್ಕರೆ-ಕೊಬ್ಬಿನ ಕೊಂಡಿ) ಇಲ್ಲ ಅಂತ ಬರೆದುಬಿಡಬಹುದಾ?

ಬೇಡ. ನಾನು ಹಾಗೆ ಬರೆದು ಮೂರು ವಾರ ಕಳೆದುಕೊಂಡಿದ್ದೇನೆ.

ನನ್ನ ಪ್ರೋಟೀನ್ ಕೆಂಪು ರಕ್ತಕಣದ ಅಸಿಟೈಲ್‌ಕೋಲಿನ್‌ಎಸ್ಟರೇಸ್. ಹಿಮೋಗ್ಲೋಬಿನ್ ತೊಳೆದ ಪೊರೆಗೆ ಪಿಐ-ಪಿಎಲ್‌ಸಿ ಹಾಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರಿಗೆ ಎಲ್‌ಮನ್ ರೀಏಜೆಂಟ್ (ಈ ಪ್ರೋಟೀನ್ ಕೆಲಸ ಮಾಡುತ್ತಿದ್ದರೆ ಹಳದಿ ತೋರಿಸುವ ಪರೀಕ್ಷೆಯ ದ್ರವ) ಬಿಟ್ಟೆ. ಪ್ರೋಟೀನ್ ಕಳಚಿದ್ದರೆ ಹಳದಿ ಆಗಬೇಕು. ಆಗಲಿಲ್ಲ. ತಳದ ಪೊರೆಗೆ ಬಿಟ್ಟರೆ ಅರಿಸಿನ ಕಲಸಿದ ಹಾಗೆ ಹಳದಿ! ಕಿಣ್ವ ಹಾಳಾಗಿದೆ ಅಂತ ಹೊಸ ವಯಲ್ ತರಿಸಿದೆ. ಅದೇ ಕಥೆ. ಕೊನೆಗೆ ಒಬ್ಬ ಸೀನಿಯರ್ ಕೇಳಿದ್ದು ಒಂದೇ ಮಾತು: "ರಕ್ತ ಯಾರದ್ದು? ಮನುಷ್ಯರದ್ದೋ, ಹಸುವಿನದ್ದೋ?"

ಜಿಪಿಐ ಪ್ರೋಟೀನನ್ನು ಗೂಟಕ್ಕೆ ಹಗ್ಗದಿಂದ ಕಟ್ಟಿದ ಹಸು ಅಂದುಕೊಳ್ಳಿ. ಪೊರೆಯಲ್ಲಿ ಹೂತ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬು ಗೂಟ. ಅದರಿಂದ ಪ್ರೋಟೀನ್‌ವರೆಗಿನ ಫಾಸ್ಫೇಟ್, ಇನೋಸಿಟಾಲ್, ಸಕ್ಕರೆಗಳ ಸರಪಳಿ ಹಗ್ಗ. ಈ ಕಿಣ್ವ ಗೂಟದ ಪಕ್ಕದಲ್ಲೇ, ಫಾಸ್ಫೇಟ್ ಹತ್ತಿರ, ಹಗ್ಗ ಕತ್ತರಿಸುತ್ತದೆ. ಆದರೆ ಕತ್ತರಿಸಲು ಇನೋಸಿಟಾಲ್‌ನ 2ನೇ ಹೈಡ್ರಾಕ್ಸಿಲ್ ಬೇಕು. ಅದೇ ಬಾಗಿ ಬಂದು ಫಾಸ್ಫೇಟ್ ಜೊತೆ ಉಂಗುರ ಕಟ್ಟಿದಾಗಲೇ ಹಗ್ಗ ತುಂಡಾಗುವುದು. ಮನುಷ್ಯರ ರಕ್ತಕಣದಲ್ಲಿ ಆ ಜಾಗಕ್ಕೆ ಒಂದು ಪಾಲ್ಮಿಟೇಟ್ (ಕೊಬ್ಬಿನ ಆಮ್ಲ) ಅಂಟಿಕೊಂಡಿರುತ್ತದೆ. ಕತ್ತರಿ ಎಷ್ಟು ಹರಿತವಾಗಿದ್ದರೇನು! ಹಸುವಿನ ರಕ್ತಕಣದಲ್ಲಿ ಈ ತಡೆ ಇಲ್ಲ.

ಇನ್ನೊಂದು, ವಯಲ್ ಮೇಲಿನ ಹೆಸರು ಪೂರ್ತಿ ಓದಿ. ಇದೇ ಬ್ಯಾಕ್ಟೀರಿಯಾ (ಹಳಸಿದ ಅನ್ನ ತಿಂದವರಿಗೆ ವಾಂತಿ ಮಾಡಿಸುವುದೂ ಇದೇ) ಇನ್ನೊಂದು ಫಾಸ್ಫೋಲಿಪೇಸ್ ಸಿ ಕೂಡ ಮಾಡುತ್ತದೆ. ಅದಕ್ಕೆ ಸತು ಬೇಕು, ಫಾಸ್ಫಟಿಡಿಲ್‌ಕೋಲಿನ್ ಇಷ್ಟ. ಬರೀ "ಫಾಸ್ಫೋಲಿಪೇಸ್ ಸಿ" ಅಂತಿದ್ದರೆ ಸುಮ್ನೆ ಹಾಕಬೇಡಿ.

ಮೊದಲು ಕಂಟ್ರೋಲ್ ಇಡಿ. ಇಲಿಯ ಥೈಮಸ್ ಕೋಶದ ಥೈ-1 ಎಂಬ ಜಿಪಿಐ ಪ್ರೋಟೀನ್ ಪಿಐ-ಪಿಎಲ್‌ಸಿಗೆ ಕಳಚುತ್ತದೆ, ಪೊರೆಯನ್ನೇ ತೂರಿ ನಿಂತ ಸಿಡಿ45 ಪ್ರೋಟೀನ್ ಕದಲಬಾರದು. ಎರಡೂ ಸರಿ ಬಂದರೆ ಕಿಣ್ವದ ತಪ್ಪಲ್ಲ. ಆಮೇಲೆ ನೈಟ್ರಸ್ ಆಮ್ಲದಿಂದ ನೋಡಿ. ಅದು ಹಗ್ಗದಲ್ಲಿ ಗ್ಲೂಕೋಸಮೈನ್ ಎಂಬ ಸಕ್ಕರೆ ಇರುವಲ್ಲಿ ಒಡೆಯುತ್ತದೆ, ಪಾಲ್ಮಿಟೇಟ್ ಇದ್ದರೂ ಪರವಾಗಿಲ್ಲ. ಮೇಲಿನ ದ್ರವವನ್ನೂ ಬ್ಲಾಟ್ ಮಾಡಿ (ಪ್ರತಿಕಾಯ ಹಾಕಿ ಪ್ರೋಟೀನ್ ಹುಡುಕಿ). ಇಡೀ ಕೋಶ ಒಡೆದು ತೆಗೆದ ರಸ (ಲೈಸೇಟ್) ಒಂದನ್ನೇ ನೋಡಿದರೆ ಒಳಗೆ ಉಳಿದ ಪ್ರೋಟೀನ್ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ನಾನು ಹಸುವಿನ ರಕ್ತ ತಂದು ಮತ್ತೆ ಮಾಡಿದೆ. ಈ ಸಲ ಹಳದಿ ಬಂದಿದ್ದು ಮೇಲಿನ ನೀರಿನಲ್ಲಿ.